ಎಚ್ಚರವೆಂದರೇನು?

ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೊರಟ ರೈಲುಗಾಡಿ ಮೊದಲು ಹಾವೇರಿಯನ್ನೂ, ಅನಂತರ ಬ್ಯಾಡಗಿಯನ್ನೂ, ಅದಾದ ಮೇಲೆ ರಾಣೆಬೆನ್ನೂರನ್ನೂ ಹಾದುಹೋಗುತ್ತದೆ. ದಾರಿಯ ಇಕ್ಕೆಲಗಳಲ್ಲಿ ಕಾಣುವುದು ಬಹುಮಟ್ಟಿಗೆ ಬಯಲುಸೀಮೆ. ಎರೆನೆಲ, ನಡುನಡುವೆ ಕೆಂಪು ಮಣ್ಣು; ಗೋವಿನಜೋಳ, ಹತ್ತಿ, ಮೆಣಸಿನಕಾಯಿಯ ಹೊಲಗಳು; ದೂರದಲ್ಲಿ ಕುರುಚಲು ಗುಡ್ಡಗಳು. ಈ ಶಾಂತವಾದ ನೋಟದೊಳಗೆ ಅದೆಷ್ಟೋ ಕಣ್ಣುಗಳು ಕಾವಲು ಕಾಯುತ್ತಿರುತ್ತವೆ. ಗಾಡಿಯ ಮುಂಭಾಗದಲ್ಲಿ ಕುಳಿತ ಚಾಲಕ ಸಿಗ್ನಲಿನ ಬಣ್ಣವನ್ನು ನೋಡುತ್ತಿದ್ದಾನೆ. ಬ್ಯಾಡಗಿಯ ರೈತ ಮೆಣಸಿನ ಗಿಡದ ಎಲೆಯನ್ನು ಮಗುಚಿ ಕೀಟವನ್ನು ಹುಡುಕುತ್ತಿದ್ದಾನೆ. ರಾಣೆಬೆನ್ನೂರಿನ ಹುಲ್ಲುಗಾವಲಿನಲ್ಲಿ ಮೇಯುತ್ತಿರುವ ಚಿಗರಿ ತಲೆಯೆತ್ತಿ ಸುತ್ತಲೂ ದಿಟ್ಟಿಸುತ್ತಿದೆ. ಈ ಮೂವರ ಸ್ಥಿತಿಗೂ ಕನ್ನಡದಲ್ಲಿ ಒಂದೇ ಹೆಸರು: ಎಚ್ಚರ.

ದಿನಕ್ಕೆ ಹತ್ತಾರು ಬಾರಿ ನಾವು ಬಳಸುವ ಪದವಿದು. ಆದರೆ ಎಚ್ಚರವೆಂದರೇನು, ಅದು ದೇಹದಲ್ಲಿ ಎಲ್ಲಿ ಹುಟ್ಟುತ್ತದೆ, ಏಕೆ ಬಳಲುತ್ತದೆ, ಅದಕ್ಕೆ ತೆರಬೇಕಾದ ಬೆಲೆಯೇನು, ಎಂದು ಕೇಳಿದರೆ ಉತ್ತರ ಸುಲಭವಲ್ಲ. ಪ್ರಾಣಿಶಾಸ್ತ್ರ, ನರಶಾಸ್ತ್ರ, ಮನಶ್ಶಾಸ್ತ್ರಗಳು ಮೂರೂ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿವೆ. ಅವು ಹೇಳುವುದನ್ನು ಕೇಳುವ ಮೊದಲು ಪದದ ಒಡಲನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಪದದ ಹುಟ್ಟು

ಹಳಗನ್ನಡದಲ್ಲಿ ಈ ಪದದ ರೂಪ ‘ಎೞ್ಚಱು’. ಇದರ ಮೂಲದಲ್ಲಿರುವುದು ‘ಏೞ್’ ಎಂಬ ಧಾತು. ಎಂದರೆ ಇಂದಿನ ‘ಏಳು’. ಕಾಲಕ್ರಮದಲ್ಲಿ ‘ೞ’ಕಾರವು ತನ್ನ ಮುಂದಿನ ವ್ಯಂಜನದಲ್ಲಿ ಲೀನವಾಗಿ ‘ಕೞ್ತೆ’ಯು ‘ಕತ್ತೆ’ಯಾದಂತೆ, ‘ಗೞ್ದೆ’ಯು ‘ಗದ್ದೆ’ಯಾದಂತೆ, ಎೞ್ಚಱು ಎಂಬುದು ‘ಎಚ್ಚರ’ವಾಯಿತು. ನಿದ್ದೆಯಿಂದ ‘ಎಬ್ಬಿಸು’ ಎಂಬ ಮಾತೂ ಇದೇ ಬಳ್ಳಿಯ ಇನ್ನೊಂದು ಕಾಯಿ. ಹೀಗಾಗಿ ಎಚ್ಚರವೆಂದರೆ ಮೂಲತಃ ‘ಎದ್ದಿರುವಿಕೆ’.

ಆದರೆ ಬಳಕೆಯಲ್ಲಿ ಇದರ ಅರ್ಥ ಮೂರು ಕವಲಾಗಿ ಒಡೆದಿದೆ. ‘ಬೆಳಗಿನ ಜಾವ ಎಚ್ಚರವಾಯಿತು’ ಎಂದರೆ ನಿದ್ದೆ ತಿಳಿಯಿತು ಎಂದರ್ಥ. ‘ಬಿಸಿಲಿಗೆ ಎಚ್ಚರ ತಪ್ಪಿ ಬಿದ್ದ’ ಎಂದರೆ ಪ್ರಜ್ಞೆ ಹೋಯಿತು ಎಂದರ್ಥ. ‘ಎಚ್ಚರದಿಂದ ರಸ್ತೆ ದಾಟು’ ಎಂದರೆ ಅಪಾಯದ ಮೇಲೆ ಕಣ್ಣಿಡು ಎಂದರ್ಥ. ಈ ಮೂರನೆಯದರಿಂದಲೇ ಎಚ್ಚರಿಕೆ, ಮುನ್ನೆಚ್ಚರಿಕೆ, ಕಟ್ಟೆಚ್ಚರ, ಎಚ್ಚರಗೇಡಿ ಮುಂತಾದ ಪದಗಳು ಬೆಳೆದಿವೆ. ಸಂಸ್ಕೃತದ ಜಾಗೃತಿ, ಜಾಗರೂಕತೆಗಳೂ ‘ನಿದ್ದೆಯಿಲ್ಲದಿರು’ ಎಂಬ ಧಾತುವಿನಿಂದಲೇ ಬಂದವು. ಪಾರಸಿಯಿಂದ ನಮ್ಮಲ್ಲಿಗೆ ಬಂದ ‘ಹುಷಾರು’ ಮಾತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ನಾವು ‘ಮೈಯಲ್ಲಿ ಹುಷಾರಿಲ್ಲ’ ಎಂದು ಆರೋಗ್ಯಕ್ಕೂ ಆ ಪದವನ್ನೇ ಹಚ್ಚಿದೆವು.

ಇಂಗ್ಲಿಷಿನ ‘ಅಲರ್ಟ್’ ಎಂಬ ಪದದ ಕಥೆ ಬೇರೆ. ಇಟಲಿಯ ಭಾಷೆಯಲ್ಲಿ ‘ಆಲ್ಲೆರ್ತಾ’ ಎಂದರೆ ‘ಎತ್ತರದ ಮೇಲೆ’. ಕಾವಲುಗಾರನು ಎತ್ತರದಲ್ಲಿ ನಿಂತು ನೋಡುವುದರಿಂದ ಎಚ್ಚರಕ್ಕೆ ಆ ಹೆಸರು ಬಂದಿತು. ನಮ್ಮ ಹೊಲಗಳಲ್ಲಿ ಜೋಳದ ತೆನೆ ಹಾಲುಗಟ್ಟುವ ಕಾಲಕ್ಕೆ ಮಂಚಿಕೆ ಹಾಕಿ, ಕೈಯಲ್ಲಿ ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದವರಿಗೆ ಈ ಇಟಲಿಯ ಅರ್ಥವನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

‘ಎದ್ದಿರುವುದು’ ಬೇರೆ, ‘ಕಣ್ಣಿಟ್ಟಿರುವುದು’ ಬೇರೆ ಎಂಬುದು ಮುಂದೆ ನಮಗೆ ಮುಖ್ಯವಾಗುತ್ತದೆ. ಕಣ್ಣು ತೆರೆದಿದ್ದೂ ಎಚ್ಚರ ತಪ್ಪುವುದುಂಟು. ವಿಜ್ಞಾನಿಗಳ ಶೋಧ ಬಹುಮಟ್ಟಿಗೆ ಈ ಅಂತರವನ್ನು ಕುರಿತದ್ದೇ ಆಗಿದೆ.

ಚಿಗರಿಯ ಕಣ್ಣು

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವು 1974ರಲ್ಲಿ ಸ್ಥಾಪಿತವಾಯಿತು. ಇದರ ವಿಸ್ತೀರ್ಣ 119 ಚದರ ಕಿಲೋಮೀಟರು. ಕೃಷ್ಣಮೃಗವನ್ನೇ ಈ ಭಾಗದ ಜನ ಚಿಗರಿಯೆಂದು ಕರೆಯುವುದು. ಬೆಳೆದ ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳುಪು. ತಲೆಯ ಮೇಲೆ ತಿರುಚಿದ ನೀಳವಾದ ಕೊಂಬುಗಳು. ಹೆಣ್ಣುಗಳೂ ಎಳೆಯವೂ ಒಣಹುಲ್ಲಿನ ಬಣ್ಣದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಇದಕ್ಕೆ ಸ್ಥಾನವಿದೆ.

ಚಿಗರಿಯ ಪರಂಪರಾಗತ ವೈರಿ ತೋಳ. ಬಯಲಿನಲ್ಲಿ ಅಡಗಿಕೊಳ್ಳಲು ಮರೆಯಿಲ್ಲ. ಆದುದರಿಂದ ಚಿಗರಿಯ ರಕ್ಷಣೆಯೆಲ್ಲವೂ ಎರಡು ಗುಣಗಳ ಮೇಲೆ ನಿಂತಿದೆ. ಒಂದು, ಓಟ; ಪ್ರಾಣಭಯದಲ್ಲಿ ಅದು ಗಂಟೆಗೆ ಸುಮಾರು 80 ಕಿಲೋಮೀಟರು ವೇಗವನ್ನು ಮುಟ್ಟಬಲ್ಲದು. ಇನ್ನೊಂದು, ವೈರಿಯನ್ನು ದೂರದಲ್ಲಿರುವಾಗಲೇ ಕಾಣುವ ಶಕ್ತಿ. ಎರಡನೆಯದಿಲ್ಲದೆ ಮೊದಲನೆಯದು ವ್ಯರ್ಥ.

ನಮ್ಮ ಕಣ್ಣುಗಳು ಮುಖದ ಮುಂಭಾಗದಲ್ಲಿವೆ. ಹಾಗಾಗಿ ನಮಗೆ ಬೆನ್ನ ಹಿಂದಿನದು ಕಾಣದು. ಮೇಯುವ ಪ್ರಾಣಿಗಳ ಕಣ್ಣುಗಳಾದರೋ ತಲೆಯ ಎರಡು ಪಕ್ಕಗಳಲ್ಲಿವೆ. ತಲೆಯನ್ನು ತಿರುಗಿಸದೆಯೇ ಅವು ಸುತ್ತಲಿನ ಬಹುಭಾಗವನ್ನು ನೋಡಬಲ್ಲವು. ಇದಲ್ಲದೆ, ಅವುಗಳ ಕಣ್ಣಿನ ಪಾಪೆಯ ರಂಧ್ರವು ದುಂಡಗಿರದೆ ಅಡ್ಡಲಾಗಿ ಚಾಚಿಕೊಂಡಿರುತ್ತದೆ. ಇದು ಏಕೆ? 2015ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮಾರ್ಟಿನ್ ಬ್ಯಾಂಕ್ಸ್ ಮತ್ತು ಅವರ ಸಂಗಡಿಗರು 214 ಬಗೆಯ ನೆಲವಾಸಿ ಪ್ರಾಣಿಗಳ ಪಾಪೆಗಳನ್ನು ಹೋಲಿಸಿ ನೋಡಿದರು. ಅಡ್ಡಪಾಪೆಯು ನೆಲದ ಮಟ್ಟದಲ್ಲಿ ಮುಂದಿನಿಂದಲೂ ಹಿಂದಿನಿಂದಲೂ ಬರುವ ಬೆಳಕನ್ನು ಹೆಚ್ಚಾಗಿ ಒಳಗೊಳ್ಳುತ್ತದೆ. ನೆತ್ತಿಯ ಮೇಲಿನ ಬಿಸಿಲಿನ ಕೋರೈಸುವಿಕೆಯನ್ನು ತಗ್ಗಿಸುತ್ತದೆ. ವೈರಿ ಬರುವುದು ಆಕಾಶದಿಂದಲ್ಲ, ನೆಲದ ಮೇಲಿನಿಂದ ತಾನೆ?

ಇಲ್ಲಿ ಒಂದು ತೊಡಕುಂಟು. ಮೇಯಲು ತಲೆ ತಗ್ಗಿಸಿದಾಗ ಅಡ್ಡಲಾಗಿದ್ದ ಪಾಪೆ ಲಂಬವಾಗಿಬಿಡಬೇಕಲ್ಲವೆ? ಹಾಗೆ ಆಗುವುದಿಲ್ಲ. ತಲೆ ತಗ್ಗಿದಂತೆಲ್ಲ ಕಣ್ಣುಗುಡ್ಡೆಯು ತನ್ನ ಗೂಡಿನಲ್ಲಿ ವಿರುದ್ಧ ದಿಕ್ಕಿಗೆ 50 ಅಂಶಗಳಷ್ಟು ಅಥವಾ ಅದಕ್ಕೂ ಹೆಚ್ಚಾಗಿ ತಿರುಗಿ, ಪಾಪೆಯನ್ನು ನೆಲಕ್ಕೆ ಸಮಾಂತರವಾಗಿಯೇ ಉಳಿಸುತ್ತದೆ. ಇದನ್ನು ನೋಡಲು ಪ್ರಯೋಗಶಾಲೆ ಬೇಡ. ಮನೆಯಲ್ಲಿ ಆಡು ಇದ್ದರೆ, ಅದು ತಲೆಯೆತ್ತಿದಾಗಲೂ ಮೇಯುವಾಗಲೂ ಅದರ ಕಣ್ಣನ್ನು ಪಕ್ಕದಿಂದ ನೋಡಿ. ಎರಡು ಸಲವೂ ಪಾಪೆಯು ನೆಲಕ್ಕೆ ಅಡ್ಡಲಾಗಿಯೇ ಇರುವುದನ್ನು ಕಾಣುವಿರಿ.

ಹಿಂಡಿನ ಲೆಕ್ಕ

ಕಣ್ಣು ಎಷ್ಟೇ ಚೆನ್ನಾಗಿದ್ದರೂ, ಹುಲ್ಲಿನ ನಡುವೆ ಮೂತಿಯಿಟ್ಟ ಪ್ರಾಣಿಗೆ ದೂರದ ನೋಟ ಮಂಕಾಗುತ್ತದೆ. ತಲೆಯೆತ್ತಿ ನೋಡಲೇಬೇಕು. ಆದರೆ ತಲೆಯೆತ್ತಿದಷ್ಟು ಹೊತ್ತೂ ಹೊಸ ಹುಲ್ಲು ಬಾಯಿಗೆ ಬರುವುದಿಲ್ಲ. ಬಾಯಲ್ಲಿದ್ದುದನ್ನು ಅಗಿಯುತ್ತ ಸುತ್ತ ನೋಡಬಹುದಾದುದರಿಂದ ನಷ್ಟ ಸ್ವಲ್ಪ ತಗ್ಗುತ್ತದೆ; ಆದರೂ ನಷ್ಟ ನಷ್ಟವೇ. ಹೊಟ್ಟೆ ತುಂಬಬೇಕು, ಜೀವವೂ ಉಳಿಯಬೇಕು. ಈ ಎರಡರ ನಡುವಣ ತೂಗಾಟವೇ ಮೇಯುವ ಪ್ರಾಣಿಯ ಬದುಕು.

ಹಿಂಡು ಈ ಸಮಸ್ಯೆಯನ್ನು ಹೇಗೆ ಬಿಡಿಸುತ್ತದೆಂಬುದನ್ನು 1973ರಲ್ಲಿ ಪುಲಿಯಮ್ ಎಂಬ ಅಮೆರಿಕದ ವಿಜ್ಞಾನಿ ಗಣಿತದಿಂದ ತೋರಿಸಿಕೊಟ್ಟನು. ಅವನು ಯೋಚಿಸಿದ್ದು ಹಕ್ಕಿಗಳ ಗುಂಪಿನ ಬಗ್ಗೆ. ನಾವು ಅದೇ ಲೆಕ್ಕವನ್ನು ಚಿಗರಿಗೆ ಅನ್ವಯಿಸಿ ನೋಡೋಣ.

ಒಂದು ಚಿಗರಿ ತನ್ನ ಕಾಲದ ಐದನೆಯ ಒಂದು ಭಾಗವನ್ನು ತಲೆಯೆತ್ತಿ ನೋಡುವುದರಲ್ಲಿ ಕಳೆಯುತ್ತದೆಂದು ಭಾವಿಸೋಣ. ಹಾಗಾದರೆ ಯಾವುದಾದರೊಂದು ಕ್ಷಣದಲ್ಲಿ ಅದರ ತಲೆ ಕೆಳಗಿರುವ ಸಂಭವ 100ಕ್ಕೆ 80. ಅದು ಒಂಟಿಯಾಗಿದ್ದರೆ ತೋಳಕ್ಕೆ ಸುಗ್ಗಿ. ಈಗ 5 ಚಿಗರಿಗಳಿವೆ. ಪ್ರತಿಯೊಂದೂ ತನ್ನಷ್ಟಕ್ಕೆ ತಾನೇ, ಇನ್ನೊಂದನ್ನು ನೋಡದೆ ತಲೆಯೆತ್ತುತ್ತದೆ ಎಂದುಕೊಳ್ಳಿ. ಐದರ ತಲೆಗಳೂ ಒಟ್ಟಿಗೆ ಕೆಳಗಿರುವ ಸಂಭವವನ್ನು ತಿಳಿಯಲು 0.8ನ್ನು ಐದು ಬಾರಿ ಗುಣಿಸಬೇಕು. ಫಲ 100ಕ್ಕೆ ಸುಮಾರು 33. ಚಿಗರಿಗಳು 10 ಆದರೆ 100ಕ್ಕೆ ಸುಮಾರು 11. 20 ಆದರೆ 100ಕ್ಕೆ ಸುಮಾರು 1. ಯಾವ ಚಿಗರಿಯೂ ಮೊದಲಿಗಿಂತ ಹೆಚ್ಚು ಎಚ್ಚರವಹಿಸಿಲ್ಲ. ಆದರೂ ಹಿಂಡು ಹೆಚ್ಚುಕಡಮೆ ಸದಾ ಎಚ್ಚರವಾಗಿದೆ! ಹತ್ತು ಚಿಗರಿಗಳ ಹಿಂಡಿಗಿರುವ ಭದ್ರತೆಯನ್ನು ಒಂಟಿ ಚಿಗರಿ ಪಡೆಯಬೇಕಾದರೆ, ಅದು 100 ಕ್ಷಣಗಳಲ್ಲಿ 89 ಕ್ಷಣ ತಲೆಯೆತ್ತಿಯೇ ನಿಂತಿರಬೇಕಾದೀತು. ಆಗ ಅದು ತೋಳದಿಂದ ಉಳಿದರೂ ಹಸಿವಿನಿಂದ ಸಾಯುವುದು ಖಂಡಿತ.

ಈ ಲೆಕ್ಕ ನಿಸರ್ಗದಲ್ಲಿ ನಿಜವಾಗುವುದೆ? 1978ರಲ್ಲಿ ಕೆನ್ವರ್ಡ್ ಎಂಬ ಬ್ರಿಟಿಷ್ ವಿಜ್ಞಾನಿ ಕಾಡುಪಾರಿವಾಳಗಳ ಮೇಲೆ ಪಳಗಿಸಿದ ಗಿಡುಗವನ್ನು ಬಿಟ್ಟು ಪರೀಕ್ಷಿಸಿದನು. ಒಂಟಿ ಪಾರಿವಾಳದ ಮೇಲೆ ಎರಗಿದಾಗ ಗಿಡುಗವು ಹತ್ತರಲ್ಲಿ ಸುಮಾರು ಎಂಟು ಬಾರಿ ಗೆದ್ದಿತು. ಐವತ್ತಕ್ಕೂ ಮಿಕ್ಕ ಗುಂಪಿನ ಮೇಲೆ ಎರಗಿದಾಗ ಹತ್ತರಲ್ಲಿ ಒಂದು ಬಾರಿಯೂ ಪೂರ್ತಿ ಗೆಲ್ಲಲಿಲ್ಲ. ದೊಡ್ಡ ಗುಂಪು ಗಿಡುಗವನ್ನು ದೂರದಲ್ಲಿರುವಾಗಲೇ ಕಂಡು ಹಾರಿಬಿಡುತ್ತಿದ್ದಿತು.

ಗುಂಪಿನಿಂದ ಇನ್ನೊಂದು ಲಾಭವೂ ಉಂಟು. ತೋಳ ಹಿಡಿಯುವುದು ಒಂದನ್ನು. ಇಪ್ಪತ್ತರ ಹಿಂಡಿನಲ್ಲಿ ಆ ಒಂದು ನಾನೇ ಆಗುವ ಸಂಭವ ಇಪ್ಪತ್ತರಲ್ಲಿ ಒಂದು ಪಾಲು. ಹಾಗಿದ್ದ ಮೇಲೆ ‘ಇತರರು ನೋಡಿಕೊಳ್ಳಲಿ, ನಾನು ಮೇಯುತ್ತಿರುವೆ’ ಎಂಬ ಸೋಮಾರಿ ಚಿಗರಿ ಹುಟ್ಟಲಿಲ್ಲವೇಕೆ? ಏಕೆಂದರೆ ಅಪಾಯವನ್ನು ಮೊದಲು ಕಂಡ ಪ್ರಾಣಿ ಮೊದಲು ಓಡುತ್ತದೆ. ತಲೆ ತಗ್ಗಿಸಿದ್ದು ಕಡೆಗೆ ಓಡುತ್ತದೆ. ಹಿಂದುಳಿದದ್ದೇ ತೋಳಕ್ಕೆ ಸಿಗುವುದು. ಹೀಗೆ ಪ್ರತಿಯೊಂದರ ಸ್ವಾರ್ಥವೇ ಹಿಂಡಿನ ಕಾವಲಾಗಿ ಪರಿಣಮಿಸುತ್ತದೆ. ಹಿಂಡಿನ ಅಂಚಿನಲ್ಲಿರುವವು ನಡುವಿನವಕ್ಕಿಂತ ಹೆಚ್ಚು ಬಾರಿ ತಲೆಯೆತ್ತುವುದನ್ನು ಹಲವು ಬಗೆಯ ಪ್ರಾಣಿಗಳಲ್ಲಿ ಕಂಡಿದ್ದಾರೆ. ಚಿಗರಿಯೊಂದು ಗಾಬರಿಗೊಂಡು ನೆಟ್ಟಗೆ ಮೇಲಕ್ಕೆ ನೆಗೆದರೆ ಉಳಿದವೂ ಒಂದಾದಮೇಲೊಂದು ನೆಗೆಯುತ್ತ ಓಡುವ ದೃಶ್ಯವನ್ನು ಈ ಬಯಲಿನ ಜನ ಚೆನ್ನಾಗಿ ಬಲ್ಲರು.

ನಿದ್ದೆಯಲ್ಲಿ ಸಹ ಈ ಅಂಚಿನ ನಿಯಮ ಬಿಡುವುದಿಲ್ಲ. 1999ರಲ್ಲಿ ರಾಟನ್‌ಬೋರ್ಗ್ ಮತ್ತು ಸಂಗಡಿಗರು ಬಾತುಗಳನ್ನು ಸಾಲಾಗಿ ಮಲಗಿಸಿ ಗಮನಿಸಿದರು. ಸಾಲಿನ ತುದಿಯಲ್ಲಿದ್ದ ಬಾತುಗಳು ಹೆಚ್ಚು ಹೊತ್ತು ಒಂದು ಕಣ್ಣನ್ನು ತೆರೆದೇ ನಿದ್ರಿಸಿದವು. ತೆರೆದ ಕಣ್ಣು ಸಾಮಾನ್ಯವಾಗಿ ಗುಂಪಿನ ಹೊರಮುಖಕ್ಕೆ ಇದ್ದಿತು. ಮಿದುಳಿನ ಒಂದು ಅರ್ಧ ಮಲಗಿದ್ದರೆ ಇನ್ನೊಂದು ಅರ್ಧ ಎಚ್ಚರವಿದ್ದಿತು.

ಎಚ್ಚರದ ಮನೆ

ಮನುಷ್ಯನಿಗೆ ಅರ್ಧ ಮಿದುಳನ್ನು ಮಲಗಿಸುವ ಈ ಕಲೆ ಒಲಿದಿಲ್ಲ. ನಮ್ಮಲ್ಲಿ ಎಚ್ಚರವು ನೆಲೆಸಿರುವುದೆಲ್ಲಿ?

1949ರಲ್ಲಿ ಮೊರುಜ್ಜಿ ಮತ್ತು ಮ್ಯಾಗೂನ್ ಎಂಬ ಇಬ್ಬರು ವಿಜ್ಞಾನಿಗಳು ಬೆಕ್ಕುಗಳ ಮೇಲೆ ಒಂದು ಪ್ರಯೋಗ ನಡೆಸಿದರು. ಮಿದುಳಿನ ಬುಡದ ಕಾಂಡದಲ್ಲಿ ನರತಂತುಗಳು ಬಲೆಯಂತೆ ಹೆಣೆದುಕೊಂಡ ಭಾಗವೊಂದಿದೆ. ಅದನ್ನು ಸಣ್ಣ ವಿದ್ಯುತ್ತಿನಿಂದ ಪ್ರಚೋದಿಸಿದಾಗ, ಜೊಂಪಿನಲ್ಲಿ ನಿಧಾನವಾಗಿದ್ದ ಮಿದುಳಿನ ವಿದ್ಯುತ್ ಅಲೆಗಳು ಥಟ್ಟನೆ ಚುರುಕಾಗಿ, ಎಚ್ಚತ್ತ ಪ್ರಾಣಿಯ ಅಲೆಗಳಂತಾದವು. ಕಣ್ಣು, ಕಿವಿಗಳಿಂದ ಸುದ್ದಿ ಬರುವುದಷ್ಟೇ ಎಚ್ಚರವಲ್ಲ. ಆ ಸುದ್ದಿಯನ್ನು ಬರಮಾಡಿಕೊಳ್ಳಲು ಮಿದುಳಿನ ಮೇಲಂತಸ್ತನ್ನು ಕೆಳಗಿನಿಂದ ಎಬ್ಬಿಸುವ ಬೇರೊಂದು ವ್ಯವಸ್ಥೆಯಿದೆ ಎಂದು ಇದರಿಂದ ತಿಳಿದುಬಂದಿತು. ಎಚ್ಚರವು ‘ಏಳು’ವುದರಿಂದ ಹುಟ್ಟಿದ ಪದವೆಂಬುದನ್ನು ಇಲ್ಲಿ ನೆನೆಯಬಹುದು.

ಆ ಕಾಂಡದಲ್ಲೇ ನೀಲಿಛಾಯೆಯ ಒಂದು ಪುಟ್ಟ ತಾಣವುಂಟು. ಅದರ ಹೆಸರು ಲೋಕಸ್ ಸೆರೂಲಿಯಸ್. ಅದರಲ್ಲಿರುವ ನರಕೋಶಗಳು ಕೆಲವೇ ಹತ್ತು ಸಾವಿರ. ಆದರೆ ಅವುಗಳ ಕವಲುಗಳು ಮಿದುಳಿನ ಬಹುಭಾಗವನ್ನು ಮುಟ್ಟಿ, ನಾರ್‌ಅಡ್ರಿನಲೀನ್ ಎಂಬ ರಾಸಾಯನಿಕವನ್ನು ಸೂಸುತ್ತವೆ. ಥಟ್ಟನೆ ಸದ್ದಾದಾಗ ನಾವು ಕಿವಿ ನಿಮಿರಿಸುವುದು ಈ ತಾಣದ ಕೆಲಸವೂ ಹೌದು. ಇದಕ್ಕೆ ಎದುರಾಗಿ, ನಾವು ಎದ್ದಿರುವಷ್ಟು ಹೊತ್ತೂ ಅಡಿನೋಸಿನ್ ಎಂಬ ವಸ್ತು ಮಿದುಳಿನಲ್ಲಿ ಸಂಚಯವಾಗುತ್ತ ನಿದ್ದೆಯನ್ನು ಕರೆಯುತ್ತದೆ. ಚಹದಲ್ಲಿಯೂ ಕಾಫಿಯಲ್ಲಿಯೂ ಇರುವ ಕೆಫೀನ್ ಈ ಅಡಿನೋಸಿನ್ ಕೂಡಬೇಕಾದ ಜಾಗದಲ್ಲಿ ತಾನು ಹೋಗಿ ಕುಳಿತುಬಿಡುತ್ತದೆ. ರಾತ್ರಿ ಹೊಲ ಕಾಯುವವನ ಚಹ ನಿದ್ದೆಯ ಸಾಲವನ್ನು ತೀರಿಸುವುದಿಲ್ಲ. ಸಾಲಗಾರನನ್ನು ಸ್ವಲ್ಪ ಹೊತ್ತು ಬಾಗಿಲಲ್ಲಿ ತಡೆದು ನಿಲ್ಲಿಸುತ್ತದೆ, ಅಷ್ಟೆ.

ಕಣ್ಣು ತೆರೆದೂ ಕಾಣದಿರುವುದು

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಗೆ ಒಂದು ಸಮಸ್ಯೆ ಎದುರಾಯಿತು. ವಿಮಾನದಲ್ಲಿ ಕುಳಿತು ರೇಡಾರಿನ ತೆರೆಯ ಮೇಲೆ ಜಲಾಂತರ್ಗಾಮಿಯ ಸುಳಿವನ್ನು ಹುಡುಕುತ್ತಿದ್ದ ಯೋಧರು, ಹೊತ್ತು ಕಳೆದಂತೆ ಕಣ್ಣೆದುರಿನ ಚುಕ್ಕೆಯನ್ನೇ ಕಾಣದೆ ಹೋಗುತ್ತಿದ್ದರು. ಅವರು ನಿದ್ರಿಸುತ್ತಿರಲಿಲ್ಲ, ಅಲಕ್ಷ್ಯವೂ ಇರಲಿಲ್ಲ. ಹಾಗಾದರೆ ಆಗುತ್ತಿದ್ದುದೇನು?

ಕೇಂಬ್ರಿಜ್ಜಿನ ನಾರ್ಮನ್ ಮ್ಯಾಕ್‌ವರ್ತ್ ಇದಕ್ಕಾಗಿ ಒಂದು ಸರಳವಾದ ಗಡಿಯಾರವನ್ನು ರಚಿಸಿದನು. ಅದರ ಮುಳ್ಳು ಸಮವಾದ ಸಣ್ಣ ಹೆಜ್ಜೆಗಳಲ್ಲಿ ಚಲಿಸುತ್ತಿದ್ದಿತು. ಎಂದೋ ಒಮ್ಮೆ ಮಾತ್ರ ಎರಡು ಹೆಜ್ಜೆಗಳನ್ನು ಒಟ್ಟಿಗೆ ಹಾರುತ್ತಿದ್ದಿತು. ಆ ಹಾರಿಕೆಯನ್ನು ಕಂಡಕೂಡಲೆ ಗುಂಡಿಯೊತ್ತಬೇಕು. ಎರಡು ಗಂಟೆಗಳ ಈ ಕಾವಲಿನಲ್ಲಿ, ಮೊದಲ ಅರ್ಧ ಗಂಟೆ ಕಳೆಯುತ್ತಲೇ ಜನರ ಪತ್ತೆಶಕ್ತಿ ಇಳಿಯಿತೆಂದು 1948ರಲ್ಲಿ ಅವನು ಪ್ರಕಟಿಸಿದನು. ಅರ್ಧ ಗಂಟೆ ಕಾವಲು, ಅರ್ಧ ಗಂಟೆ ವಿರಾಮ ಎಂದು ಹಂಚಿದಾಗ ಇಳಿತ ಕಾಣಲಿಲ್ಲ. ನಡುವೆ ದೂರವಾಣಿಯಲ್ಲಿ ಒಂದು ಮಾತು ಕೇಳಿಬಂದರೂ ಸಾಕು, ಕಳೆದ ಎಚ್ಚರ ಮರಳುತ್ತಿದ್ದಿತು.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾದವು. ಎಚ್ಚರವು ಬರಿಯ ಮನಸ್ಸಿನ ಕಟ್ಟುನಿಟ್ಟಲ್ಲ; ಸ್ನಾಯುವಿನ ಬಲದಂತೆ ಅದಕ್ಕೂ ಮಿತಿಯುಂಟು. ಮತ್ತು ಏನೂ ನಡೆಯದೆ ಇರುವ ಕೆಲಸವೇ ಎಚ್ಚರಕ್ಕೆ ಅತಿ ಕಠಿನ. ರೈಲುಚಾಲಕನ ಕೆಲಸವನ್ನು ನೋಡಿ: ಮೈಲಿಗಟ್ಟಲೆ ಒಂದೇ ಬಗೆಯ ಹಳಿ, ಒಂದೇ ಬಗೆಯ ಸದ್ದು. ಇದನ್ನರಿತೇ ಭಾರತೀಯ ರೈಲ್ವೆಯ ಎಂಜಿನುಗಳಲ್ಲಿ ಎಚ್ಚರವನ್ನು ಪರೀಕ್ಷಿಸುವ ಒಂದು ಸಲಕರಣೆಯನ್ನು ಇಡುತ್ತಾರೆ. ಸುಮಾರು ಒಂದು ನಿಮಿಷದವರೆಗೆ ಚಾಲಕನು ಯಾವ ನಿಯಂತ್ರಣವನ್ನೂ ಮುಟ್ಟದಿದ್ದರೆ ಮೊದಲು ದೀಪ ಮಿನುಗುತ್ತದೆ; ಆಗಲೂ ಗುಂಡಿಯೊತ್ತದಿದ್ದರೆ ಸದ್ದು ಮೊಳಗುತ್ತದೆ; ಅದಕ್ಕೂ ಉತ್ತರ ಬಾರದಿದ್ದರೆ ಬ್ರೇಕು ತಾನಾಗಿ ಬೀಳುತ್ತದೆ. ಇದು ಚಾಲಕನ ಮೇಲಿನ ಅಪನಂಬಿಕೆಯಲ್ಲ, ಮಾನವ ಮಿದುಳಿನ ಸ್ವಭಾವಕ್ಕೆ ಕೊಟ್ಟ ಮನ್ನಣೆ.

ನಿದ್ದೆಗೆಟ್ಟರೆ ಈ ಮಿತಿ ಇನ್ನೂ ಕುಗ್ಗುತ್ತದೆ. 17 ಗಂಟೆಗಳ ಕಾಲ ಎಡೆಬಿಡದೆ ಎದ್ದಿದ್ದವನ ಕೈಚಳಕವು, ರಕ್ತದಲ್ಲಿ 100ಕ್ಕೆ 0.05ರಷ್ಟು ಮದ್ಯವಿದ್ದವನ ಮಟ್ಟಕ್ಕೆ ಇಳಿದಿತ್ತೆಂದು ಡಾಸನ್ ಮತ್ತು ರೀಡ್ 1997ರಲ್ಲಿ ತೋರಿಸಿದರು. ಹಾವೇರಿ, ರಾಣೆಬೆನ್ನೂರುಗಳ ಮಗ್ಗುಲಲ್ಲಿ ಹಾದುಹೋಗುವ ಹೆದ್ದಾರಿಯಲ್ಲಿ ನಡುರಾತ್ರಿ ಲಾರಿ ನಡೆಸುವವನಿಗೂ, ಇಡೀ ರಾತ್ರಿ ಬೆಳೆ ಕಾಯ್ದು ಬೆಳಗ್ಗೆ ಮೋಟಾರು ಸೈಕಲ್ಲೇರಿ ಪೇಟೆಗೆ ಹೊರಡುವ ರೈತನಿಗೂ ಇದು ಅರಿವಿರಬೇಕಾದ ಮಾತು.

ತೋಳ ಬಂತು ತೋಳ

ಎಚ್ಚರದ ಇನ್ನೊಂದು ಶತ್ರು ಸುಳ್ಳು ಎಚ್ಚರಿಕೆ. ‘ತೋಳ ಬಂತು ತೋಳ’ ಎಂದು ಕೂಗಿ ಊರನ್ನು ನಗೆಗೀಡುಮಾಡಿದ ಕುರಿಗಾಹಿ ಹುಡುಗನ ಕಥೆಯನ್ನು ಕೇಳದವರಾರು? ಆ ಕಥೆಯಲ್ಲಿ ತಪ್ಪು ಹುಡುಗನದೆಂದು ನಾವು ಹೇಳುತ್ತೇವೆ. ವಿಜ್ಞಾನಿಯು ಅದರಲ್ಲಿ ಒಂದು ಲೆಕ್ಕವನ್ನು ಕಾಣುತ್ತಾನೆ. ಕಾವಲುಗಾರನಿಗೆ ಎರಡು ಬಗೆಯ ತಪ್ಪುಗಳು ಸಾಧ್ಯ: ತೋಳವಿಲ್ಲದಾಗ ಕೂಗುವುದು, ತೋಳವಿದ್ದಾಗ ಕೂಗದಿರುವುದು. ಒಂದನ್ನು ಕಡಮೆ ಮಾಡಲು ಹೋದರೆ ಇನ್ನೊಂದು ಹೆಚ್ಚುತ್ತದೆ. ಪೊದೆ ಅಲುಗಿದಾಗಲೆಲ್ಲ ಓಡುವ ಚಿಗರಿ ಬಡಕಲಾಗುತ್ತದೆ. ಎಂದೂ ಓಡದ ಚಿಗರಿ ಬೇಗನೆ ತೋಳದ ಪಾಲಾಗುತ್ತದೆ. ಒಮ್ಮೆ ತಪ್ಪಿದರೆ ಜೀವವೇ ಹೋಗುವುದರಿಂದ, ನಿಸರ್ಗವು ಅದನ್ನು ತುಸು ಹೆಚ್ಚಾಗಿ ಅಂಜುವಂತೆಯೇ ರೂಪಿಸಿದೆ.

ಹಾಗಿದ್ದರೂ ಹಾನಿಮಾಡದ ಸದ್ದಿಗೆ, ಹಾನಿಮಾಡದ ಆಕಾರಕ್ಕೆ ಪ್ರಾಣಿಗಳು ಕ್ರಮೇಣ ಒಗ್ಗಿಹೋಗುತ್ತವೆ. ಹೊಲದಲ್ಲಿ ನೆಟ್ಟ ಬೆದರುಬೊಂಬೆ ಮೊದಲ ಕೆಲವು ದಿನ ಕೆಲಸಮಾಡುತ್ತದೆ. ಆಮೇಲೆ ಹಕ್ಕಿ ಅದರ ತಲೆಯ ಮೇಲೆಯೇ ಕುಳಿತುಕೊಳ್ಳುತ್ತದೆ. ಬೊಂಬೆಯ ಜಾಗವನ್ನೂ ಉಡುಪನ್ನೂ ಆಗಾಗ ಬದಲಿಸಬೇಕೆಂಬ ಹಳೆಯ ರೈತರ ಉಪದೇಶದಲ್ಲಿ ಇದೇ ತತ್ತ್ವ ಅಡಗಿದೆ.

ಬ್ಯಾಡಗಿಯ ಹೊಲದಲ್ಲಿ

ಬ್ಯಾಡಗಿಯ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದುದು. ಸುಕ್ಕುಗಟ್ಟಿದ ಅದರ ಸಿಪ್ಪೆಯಿಂದ ತೆಗೆಯುವ ಕೆಂಪುದ್ರವ್ಯ ಆಹಾರಪದಾರ್ಥಗಳಿಗೂ ಪ್ರಸಾಧನ ವಸ್ತುಗಳಿಗೂ ಬಣ್ಣ ಕೊಡುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಈ ಬೆಳೆಯ ವೈರಿ ತೋಳದಂತೆ ದೊಡ್ಡದಲ್ಲ. ಒಂದು ಮಿಲಿಮೀಟರಿನಷ್ಟು ಉದ್ದದ ಥ್ರಿಪ್ಸ್ ನುಸಿ ಎಲೆಯ ರಸ ಹೀರಿ ಅದನ್ನು ಮುರುಟಿಸುತ್ತದೆ. 2015ರಲ್ಲಿ ಬೆಂಗಳೂರಿನ ಪಪ್ಪಾಯಿ ಗಿಡಗಳಲ್ಲಿ ಭಾರತಕ್ಕೆ ಹೊಸದಾದ ಒಂದು ಕಪ್ಪು ಥ್ರಿಪ್ಸ್ ಜಾತಿ ಪತ್ತೆಯಾಗಿದ್ದಿತು. ಅದೇ ನುಸಿ 2021–22ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನ ಹೊಲಗಳಿಗೆ ನುಗ್ಗಿ ಹೂಗಳಲ್ಲಿ ಅಡಗಿ ಬಹಳ ನಷ್ಟವನ್ನುಂಟುಮಾಡಿತು.

ಮೊದಲ ಪತ್ತೆಗೂ ಮಹಾಹಾವಳಿಗೂ ನಡುವೆ ಆರು ವರ್ಷಗಳ ಅಂತರವಿತ್ತೆಂಬುದು ಯೋಚಿಸತಕ್ಕ ವಿಷಯ. ಒಬ್ಬ ಶಾಸ್ತ್ರಜ್ಞನ ಸೂಕ್ಷ್ಮದರ್ಶಕದಲ್ಲಿ ಕಂಡ ಸುಳಿವು ಸಾವಿರಾರು ಹೊಲಗಳಿಗೆ ತಲಪಿದಾಗಲೇ ಅದು ಎಚ್ಚರಿಕೆ ಎನಿಸುವುದು.

ಹೊಲದಲ್ಲಿ ಎಚ್ಚರವಹಿಸುವುದೆಂದರೆ ದಿನವಿಡೀ ಎಲ್ಲ ಗಿಡಗಳನ್ನೂ ದಿಟ್ಟಿಸುವುದಲ್ಲ. ಅದು ಮ್ಯಾಕ್‌ವರ್ತನ ಗಡಿಯಾರವನ್ನು ಕಾಯ್ದಂತಾದೀತು. ಹೊಲದ ಬೇರೆಬೇರೆ ಕಡೆಗಳಿಂದ ಕೆಲವು ಗಿಡಗಳನ್ನು ಆರಿಸಿ, ಗೊತ್ತಾದ ದಿನಗಳಲ್ಲಿ ಹೂವನ್ನೂ ಎಲೆಯ ಅಡಿಯನ್ನೂ ನೋಡಿ ಎಣಿಸಿ ಬರೆದಿಡುವುದು. ನೀಲಿ ಅಂಟುಹಲಗೆಗಳಿಗೆ ಅಂಟಿದ ನುಸಿಗಳನ್ನು ಲೆಕ್ಕಹಾಕುವುದು. ಎಣಿಕೆ ಒಂದು ಗೆರೆಯನ್ನು ದಾಟಿದಾಗ ಮಾತ್ರ ಔಷಧ. ಈ ಗೆರೆಯ ಕಲ್ಪನೆಯನ್ನು 1959ರಲ್ಲಿ ಕ್ಯಾಲಿಫೋರ್ನಿಯಾದ ಕೀಟಶಾಸ್ತ್ರಜ್ಞರು ಸ್ಪಷ್ಟವಾಗಿ ನಿರೂಪಿಸಿದರು. ಹೆದರಿ ವಾರವಾರವೂ ಸಿಂಪಡಿಸಿದರೆ ನುಸಿಯನ್ನು ತಿನ್ನುವ ಉಪಕಾರಿ ಕೀಟಗಳೂ ಸಾಯುತ್ತವೆ. ಉಳಿದ ನುಸಿ ವಿಷಕ್ಕೆ ಒಗ್ಗುತ್ತದೆ. ಅಂಜಿಕೆ ಬೇರೆ, ಎಚ್ಚರ ಬೇರೆ.

ಇಬ್ಬರು ಕಾವಲುಗಾರರು

ಮತ್ತೆ ಚಿಗರಿಯ ಕಡೆಗೆ ಹೋಗೋಣ. ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಬಹುಭಾಗವು ನೀಲಗಿರಿಯ ನೆಡುತೋಪು. ಬಯಲಿನ ಪ್ರಾಣಿಗೆ ಬೇಕಾದದ್ದು ಮರಗಳ ಸಾಲಲ್ಲ. ದೂರದವರೆಗೆ ಕಣ್ಣು ಹಾಯುವ ಹುಲ್ಲುಗಾವಲು. ಎರೆಭೂತವೆಂದು ಜನ ಕರೆಯುತ್ತಿದ್ದ ಹೆಬ್ಬಕ ಹಕ್ಕಿಯೂ ಹಿಂದೆ ಇಲ್ಲಿ ವಾಸಿಸುತ್ತಿದ್ದಿತು. ಅದರ ಎಚ್ಚರಕ್ಕೇನೂ ಕುಂದಿರಲಿಲ್ಲ. ಆದರೆ ನೆಲೆಯೇ ಇಲ್ಲವಾದಾಗ ಎಚ್ಚರವೇನು ಮಾಡೀತು? ಇಂದು ಈ ಬಯಲಿನಲ್ಲಿ ಅದು ಕಾಣಸಿಗದು.

ಚಿಗರಿ ಉಳಿದುಕೊಂಡಿದೆ. ಹುಲ್ಲು ಕಡಮೆಯಾದಾಗ ಅದು ಸುತ್ತಲಿನ ಹೊಲಗಳಿಗೆ ಇಳಿಯುತ್ತದೆ. ಎಳೆಯ ಪೈರು ಅದಕ್ಕೆ ಹುಲ್ಲಿಗಿಂತ ರುಚಿ. ಆಗ ರೈತ ರಾತ್ರಿಯ ನಿದ್ದೆಗೆಟ್ಟು ಕಾಯುತ್ತಾನೆ. ಅವನ ವರ್ಷದ ಅನ್ನ ಅಲ್ಲಿದೆ. ಚಿಗರಿಯ ಆ ದಿನದ ಅನ್ನವೂ ಅಲ್ಲಿಯೇ ಇದೆ. ಒಬ್ಬನ ಎಚ್ಚರ ಇನ್ನೊಬ್ಬನ ಹಸಿವು. ಇಬ್ಬರಲ್ಲಿ ಯಾರನ್ನೂ ಕಳ್ಳನೆನ್ನಲಾಗದು. ಬೆಳೆನಷ್ಟಕ್ಕೆ ತಕ್ಕ ಪರಿಹಾರವನ್ನು ತಡವಿಲ್ಲದೆ ಕೊಡುವುದು, ಅಭಯಾರಣ್ಯದೊಳಗೆ ಹುಲ್ಲುಗಾವಲನ್ನು ಮರಳಿ ಬೆಳೆಸುವುದು, ಇವೆರಡೂ ಈ ಕಾವಲಿನ ಭಾರವನ್ನು ಇಳಿಸತಕ್ಕ ದಾರಿಗಳು. ಅದುವರೆಗೆ ಹಿಂಡಿನ ಲೆಕ್ಕದಿಂದ ರೈತನೂ ಒಂದು ಪಾಠ ಕಲಿಯಬಹುದು. ಅಕ್ಕಪಕ್ಕದ ಐದು ಹೊಲದವರು ಸೇರಿ ಸರದಿಯ ಮೇಲೆ ಕಾಯ್ದರೆ, ಒಬ್ಬೊಬ್ಬನಿಗೆ ಐದರಲ್ಲಿ ನಾಲ್ಕು ರಾತ್ರಿ ನಿದ್ದೆ ಉಳಿಯುತ್ತದೆ. ಹೊಲ ಮಾತ್ರ ಒಂದು ರಾತ್ರಿಯೂ ಬರಿದಾಗದು.

ವಿದ್ಯಾರ್ಥಿಗಳು ಈ ವಿಷಯವನ್ನು ತಾವೇ ಪರೀಕ್ಷಿಸಿ ನೋಡಬಹುದು. ಕುರಿಯ ಹಿಂಡಾಗಲಿ, ಅಂಗಳಕ್ಕಿಳಿದ ಗೊರವಂಕಗಳಾಗಲಿ, ಕೆರೆಯಂಚಿನ ಬೆಳ್ಳಕ್ಕಿಗಳಾಗಲಿ ಸಾಕು. ಗಡಿಯಾರವನ್ನು ಹಿಡಿದು ದೂರದಲ್ಲಿ ಕುಳಿತು, ಒಂದು ಹಕ್ಕಿ ಅಥವಾ ಒಂದು ಕುರಿ ನಿಮಿಷಕ್ಕೆ ಎಷ್ಟು ಬಾರಿ ತಲೆಯೆತ್ತುತ್ತದೆಂದು ಎಣಿಸಿ. ಒಂಟಿಯಾಗಿದ್ದಾಗ ಎಷ್ಟು, ಐದರ ಗುಂಪಿನಲ್ಲಿ ಎಷ್ಟು, ಇಪ್ಪತ್ತರಲ್ಲಿ ಎಷ್ಟು, ನಡುವಿನಲ್ಲಿ ಎಷ್ಟು, ಅಂಚಿನಲ್ಲಿ ಎಷ್ಟು ಎಂದು ಪಟ್ಟಿಮಾಡಿ. ಪುಲಿಯಮನ ಲೆಕ್ಕ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದು ನಿಮ್ಮ ಪಟ್ಟಿಯಲ್ಲೇ ಮೂಡುತ್ತದೆ. ಆದರೆ ಒಂದು ಮಾತು: ಎಣಿಸುವವನು ಅರ್ಧ ಗಂಟೆಗೊಮ್ಮೆ ಗೆಳೆಯನಿಗೆ ಸರದಿಯನ್ನು ಬಿಟ್ಟುಕೊಡಲಿ. ಕಾಯುವವನನ್ನು ಕಾಯುವುದೂ ಎಚ್ಚರದ ಒಂದು ಭಾಗವೇ.